ಬಸ್ ನಂಬರ್ ನೆನಪಿರುತ್ತದೆ, ಸ್ಕೂಲಲ್ಲಿ ಆಗಿದ್ದು ಯಾಕೆ ನೆನಪಿರುವುದಿಲ್ಲ?

"335ಇ ಎಲ್ಲಿಂದ ಎಲ್ಲಿಗೆ, 500ಡಿ ಯಾವ್ಯಾವ ಸ್ಟಾಪಲ್ಲಿ ನಿಲ್ಲತ್ತೆ, ಎಲ್ಲಾ ನಾಲಿಗೆ ತುದೀಲಿದೆ. ಸ್ಕೂಲಲ್ಲಿ ಇವತ್ತು ಏನಾಯ್ತೋ ಅಂದ್ರೆ ಮಾತ್ರ ಬಾಯಿಗೆ ಬೀಗ. ಬೇಕಂತಲೇ ಮಾಡ್ತಾನೆ ಅಷ್ಟೆ."

ಆಟಿಸಂ (ಮಾತುಕತೆ, ಒಡನಾಟ, ಗ್ರಹಿಕೆ ಬೇರೆಯದೇ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಕ್ಕಳ ಮನೆಗಳಲ್ಲಿ ಈ ದೂರು ದಿನಬೆಳಗಾದರೆ ಇದ್ದದ್ದೇ. ಅಜ್ಜಿ ಹೇಳುತ್ತಾರೆ, ಕ್ಲಾಸ್ ಟೀಚರ್ ಹೇಳುತ್ತಾರೆ, ಒಮ್ಮೊಮ್ಮೆ ಥೆರಪಿ ಕೊಡುವವರೂ ಹೇಳಿಬಿಡುತ್ತಾರೆ. ಮೊದಲ ಅರ್ಧ ನಿಜ. ಕೊನೆಯ ವಾಕ್ಯ ಶುದ್ಧ ತಪ್ಪು, ಮಗುವಿಗೆ ಏಟು ಬೀಳುವುದು ಅದೇ ವಾಕ್ಯದಿಂದ. ಬಸ್ ನಂಬರಿನ ನೆನಪು ಮತ್ತು "ಇವತ್ತು ಏನಾಯ್ತು" ಎಂಬ ನೆನಪು ಒಂದೇ ಜಾತಿಯವಲ್ಲ. ಒಂದು ಚೆನ್ನಾಗಿದೆ ಎಂದ ಮಾತ್ರಕ್ಕೆ ಇನ್ನೊಂದೂ ಚೆನ್ನಾಗಿರಬೇಕು ಎಂದೇನಿಲ್ಲ.

ನಮ್ಮ ಭಾಷೆಯಲ್ಲೇ ಈ ವ್ಯತ್ಯಾಸಕ್ಕೆ ಎರಡು ಮಾತಿದೆ. ಮೈಸೂರು ಎಲ್ಲಿದೆ ಅಂತ "ಗೊತ್ತು". ಮೊದಲ ಸಲ ಮೈಸೂರಿಗೆ ಹೋಗಿದ್ದು "ನೆನಪಿದೆ". ಮನೋವಿಜ್ಞಾನಿ ಎಂಡೆಲ್ ಟಲ್ವಿಂಗ್ 1972ರಲ್ಲಿ ಈ ಎರಡನ್ನೂ ಬೇರೆ ಬೇರೆ ನೆನಪುಗಳೆಂದು ವಿಂಗಡಿಸಿದರು: ಒಂದು ಸಂಗತಿಗಳದ್ದು, ಇನ್ನೊಂದು ನಾವೇ ಹಾದುಬಂದ ಘಟನೆಗಳದ್ದು. ಮೊದಲನೆಯದಕ್ಕೆ ಎಲ್ಲಿ ಕಲಿತೆ, ಯಾವಾಗ ಕಲಿತೆ ಎಂಬುದು ಬೇಕಿಲ್ಲ. ಎರಡನೆಯದರಲ್ಲಿ ಜಾಗ, ಹೊತ್ತು, ಜೊತೆಗಿದ್ದವರು, ಅಲ್ಲಿದ್ದ ನಾನು ಎಲ್ಲ ಒಟ್ಟಿಗೆ ಹೆಣೆದುಕೊಂಡಿರಬೇಕು. ಆಟಿಸಂ ಇರುವವರಲ್ಲಿ ಸಡಿಲಾಗುವುದು ಬಹುಮಟ್ಟಿಗೆ ಈ ಹೆಣಿಗೆ. ಲಂಡನ್ನಿನ ಮನೋವಿಜ್ಞಾನಿ ಡರ್ಮಟ್ ಬೌಲರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪರ್ಗರ್ (ಮಾತು, ಬುದ್ಧಿ ಹಿಂದುಳಿಯದ ಆಟಿಸಂಗೆ ಆಗ ಇದ್ದ ಹೆಸರು) ಎಂದು ಗುರುತಿಸಲಾಗಿದ್ದ ವಯಸ್ಕರು ಹಿಂದೆ ನೋಡಿದ ಪದಗಳನ್ನು ಸರಿಯಾಗಿಯೇ ಗುರುತು ಹಿಡಿದರು. ಆದರೆ "ನೋಡಿದ ಗಳಿಗೆ ನೆನಪಿದೆ" ಎಂದದ್ದು ಇತರರಿಗಿಂತ ಕಡಿಮೆ, "ಇದು ಇತ್ತು ಅಂತ ಗೊತ್ತು" ಎಂದದ್ದು ಹೆಚ್ಚು.

"ಆಟಿಸಂ ಅಂದ್ರೆ ಅದ್ಭುತ ಜ್ಞಾಪಕಶಕ್ತಿ" ಎಂಬ ಮಾತಿನ ಬೇರು ಹಳೆಯದು. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲಿ ಮೊದಲನೆಯವನಾದ ಡೊನಾಲ್ಡ್ ಎರಡು ವರ್ಷ ತುಂಬುವ ಹೊತ್ತಿಗೆ ಚರ್ಚಿನ ಬೋಧನೆಯ 25 ಪ್ರಶ್ನೋತ್ತರಗಳನ್ನು ಒಪ್ಪಿಸುತ್ತಿದ್ದ. ಇಷ್ಟನ್ನು ಎಲ್ಲರೂ ಉದಾಹರಿಸುತ್ತಾರೆ. ಅದೇ ಪ್ರಬಂಧದಲ್ಲಿ ಕ್ಯಾನರ್ ಇನ್ನೊಂದು ಮಾತು ಬರೆದಿದ್ದಾರೆ: ಹೀಗೆ ಪದ್ಯ, ಪಟ್ಟಿಗಳನ್ನು ತುರುಕಿದ್ದರಿಂದ, ಮಾತು ಅರ್ಥ ಕೊಡುವ ತೆಗೆದುಕೊಳ್ಳುವ ಸಾಧನವಾಗಿ ಬೆಳೆಯುವುದಕ್ಕೆ ಪೆಟ್ಟು ಬಿದ್ದಿರಲಾರದೇ ಎಂದು. ಬಾಯಿಪಾಠದಿಂದ ಆಟಿಸಂ ಬರುವುದಿಲ್ಲ, ಆ ಗೊಂದಲ ಬೇಡ. ಆದರೆ ಮನೆಗೆ ಬಂದವರೆದುರು ನಿಲ್ಲಿಸಿ "ಹೇಳು ಮರಿ, ಹದಿನೇಳರ ಮಗ್ಗಿ" ಎಂದು ಪ್ರದರ್ಶನ ಮಾಡಿಸುವ ಮನೆಯವರು ಆ ಸಾಲು ಓದಿದರೆ ಒಳ್ಳೆಯದು. "ನೀರು ಬೇಕು" ಎನ್ನಲು ಬಾರದ ಮಗುವಿಗೆ ಹದಿನೇಳರ ಮಗ್ಗಿಯಿಂದ ಬಾಯಾರಿಕೆ ಹೋಗುವುದಿಲ್ಲ.

ಈಗ ಒಂದು ಸಣ್ಣ ಪರೀಕ್ಷೆ. ಬದನೆ, ಬಸ್ಸು, ಮಂಚ, ಬೆಂಡೆ, ರೈಲು, ಕುರ್ಚಿ, ಹೀರೆ, ಆಟೋ, ಬೀರು. ಒಮ್ಮೆ ಓದಿ, ಮುಚ್ಚಿ, ಹೇಳಿ. ಬಹುತೇಕರು ತಮಗೇ ಗೊತ್ತಿಲ್ಲದೆ ತರಕಾರಿ ಒಂದು ಕಡೆ, ವಾಹನ ಒಂದು ಕಡೆ ಮಾಡಿಕೊಂಡು ಹೇಳುತ್ತಾರೆ. ಆಟಿಸಂ ಇರುವವರು ತಾವಾಗಿ ಹೀಗೆ ಗುಂಪು ಮಾಡಿಕೊಳ್ಳುವುದು ಕಡಿಮೆ. ಮನೋವಿಜ್ಞಾನಿಗಳಾದ ಬಿಯಾಟೆ ಹರ್ಮೆಲಿನ್ ಮತ್ತು ನೀಲ್ ಓ'ಕಾನರ್ 1960ರ ದಶಕದಲ್ಲೇ ಇದರ ಸುಳಿವು ಕಂಡಿದ್ದರು: ಅರ್ಥವಿರುವ ವಾಕ್ಯವಾದರೆ ಉಳಿದ ಮಕ್ಕಳಿಗೆ ನೆನಪು ಎಷ್ಟು ಸುಲಭವಾಗುತ್ತದೋ ಅಷ್ಟು ಲಾಭ ಈ ಮಕ್ಕಳಿಗೆ ಆಗುತ್ತಿರಲಿಲ್ಲ. ಆದರೆ ಅದೇ ಪಟ್ಟಿಗೆ "ತರಕಾರಿ ಯಾವುವು? ಗಾಡಿ ಯಾವುವು?" ಎಂದು ತಲೆಬರಹ ಕೊಟ್ಟು ಕೇಳಿ, ಪದಗಳು ಹೊರಗೆ ಬರುತ್ತವೆ. ಅಂದರೆ ಒಳಗೆ ಇತ್ತು, ತೆಗೆಯಲು ಹಿಡಿ ಇರಲಿಲ್ಲ. ಬೌಲರ್ ಇದನ್ನೇ "ಟಾಸ್ಕ್ ಸಪೋರ್ಟ್" ಎಂದರು. ಕೇಳುವ ರೀತಿಯಲ್ಲೇ ಆಸರೆ ಇದ್ದರೆ ನೆನಪು ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಕೈ ಕೊಡುತ್ತದೆ.

(ಒಂದೆಲಗ, ಬಜೆ, ಮೆಮೊರಿ ಟಾನಿಕ್ ಎಂದು ಕೇಳುವವರಿಗೆ: ಒಂದೆಲಗದ ಚಟ್ನಿ ರುಚಿಗೆ ಮಾಡಿ. ಇಲ್ಲಿ ಡಬ್ಬಿಯಲ್ಲಿ ಸಾಮಾನಿಲ್ಲ ಎಂಬುದು ತೊಂದರೆಯಲ್ಲ, ಡಬ್ಬಿಗೆ ಚೀಟಿ ಅಂಟಿಸಿಲ್ಲ ಎಂಬುದು ತೊಂದರೆ.)

ಈ ಕಣ್ಣಿನಿಂದ "ಇವತ್ತು ಸ್ಕೂಲಲ್ಲಿ ಏನಾಯ್ತು?" ಎಂಬ ಪ್ರಶ್ನೆಯನ್ನು ನೋಡಿ. ಇದಕ್ಕಿಂತ ಆಸರೆಯಿಲ್ಲದ ಪ್ರಶ್ನೆ ಇನ್ನೊಂದಿಲ್ಲ. ಆರು ಗಂಟೆಯ ದಿನದಲ್ಲಿ ಯಾವುದು ಹೇಳಬೇಕಾದದ್ದು ಎಂದು ಆರಿಸಬೇಕು. ಕೇಳುವವರಿಗೆ ಏನು ಬೇಕು ಎಂದು ಊಹಿಸಬೇಕು, ಕ್ರಮವಾಗಿ ಜೋಡಿಸಬೇಕು, ಮಾತು ಹುಡುಕಬೇಕು. ಅದೂ ವ್ಯಾನಿನ ಗಲಾಟೆಯಿಂದ ಇಳಿದ ಕೂಡಲೇ, ಶೂ ಬಿಚ್ಚುವುದಕ್ಕೂ ಮೊದಲು.

ಬದಲಿಗೆ ಹೀಗೆ ಮಾಡಿ. ಮನೆಗೆ ಬಂದ ಮೇಲೆ ಅರ್ಧ ಗಂಟೆ ಏನೂ ಕೇಳಬೇಡಿ, ತಿಂಡಿ ಆಗಲಿ. ಒಂದು ಉದ್ದನೆಯ ರಟ್ಟಿನ ಪಟ್ಟಿಯಲ್ಲಿ ಆ ದಿನದ ಐದಾರು ಪಿರಿಯಡ್‌ಗಳ ಚಿತ್ರ ಅಥವಾ ಹೆಸರು ಇರಲಿ: ಪ್ರಾರ್ಥನೆ, ಕನ್ನಡ, ಊಟ, ಆಟ, ಗಣಿತ, ವ್ಯಾನ್. ಒಂದರ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ: "ಊಟಕ್ಕೆ ಯಾರ ಪಕ್ಕ ಕೂತಿದ್ದೆ?" ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸಿ. ಮೂರು ಸೆಕೆಂಡಿಗೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದಿರೋ, ಮಗುವಿಗೆ ಅದು ಎರಡನೇ ಪ್ರಶ್ನೆ. ಮೊದಲನೆಯದರ ಹುಡುಕಾಟ ಅಲ್ಲಿಗೇ ನಿಂತಿತು. ಟೀಚರ್ ವಾಟ್ಸ್ಆಪಿನಲ್ಲಿ ದಿನಕ್ಕೊಂದು ಫೋಟೊ ಕಳಿಸಲು ಒಪ್ಪಿದರೆ ಉದ್ದುದ್ದ ವರದಿಗಿಂತ ಅದು ಮೇಲು. ಫೋಟೊ ನೋಡಿದಾಗ ಅದರ ಅಕ್ಕಪಕ್ಕ ನಡೆದದ್ದೂ ಹೊರಬರುತ್ತದೆ. ಬುದ್ಧಿ ಬೆಳವಣಿಗೆಯೂ ನಿಧಾನವಿರುವ ಮಗುವಾದರೆ ಮಾತಿನ ಸುಳಿವು ಸಾಲದು, ವಸ್ತುವೇ ಬೇಕು: ಬಣ್ಣ ಅಂಟಿದ ಕಾಗದ, ಖಾಲಿ ಟಿಫನ್ ಬಾಕ್ಸು.

ಇಲ್ಲೊಂದು ಬಲೆ ಇದೆ. ಸುಲಭ ಮಾಡುತ್ತೇವೆ ಎಂದು "ಮೊಸರನ್ನ ತಿಂದ್ಯಾ, ಚಿತ್ರಾನ್ನ ತಿಂದ್ಯಾ?" ಎಂದು ಆಯ್ಕೆ ಕೊಡುತ್ತೇವೆ. "ಚಿತ್ರಾನ್ನ" ಎನ್ನುತ್ತದೆ ಮಗು. ನಿಮಗೆ ಖುಷಿ. ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ ಕೇಳಿ: "ಚಿತ್ರಾನ್ನ ತಿಂದ್ಯಾ, ಮೊಸರನ್ನ ತಿಂದ್ಯಾ?" ಈಗ "ಮೊಸರನ್ನ" ಎಂದರೆ ಅದು ನೆನಪಲ್ಲ, ನಿಮ್ಮ ವಾಕ್ಯದ ಬಾಲದ ಪ್ರತಿಧ್ವನಿ. ಹಾಗೇ "ಹೊಡೆದ್ರಾ?" ಎಂದರೆ "ಹೂಂ", "ಹೊಡೀಲಿಲ್ವಾ?" ಎಂದರೂ "ಹೂಂ". ಸುಳಿವು ಜಾಗವನ್ನು ತೋರಿಸಬೇಕು, ಉತ್ತರವನ್ನು ಅಲ್ಲ. "ಆಟದ ಹೊತ್ತಲ್ಲಿ?" ಎಂಬುದು ಸುಳಿವು. "ಆಟದಲ್ಲಿ ಬಿದ್ಯಾ?" ಎಂಬುದು ಉತ್ತರ.

ಸೂಚನೆ ಕೊಡುವಾಗ ಆಗುವ ಎಡವಟ್ಟು ಬೇರೆ. "ಬ್ಯಾಗಿಟ್ಟು, ಶೂ ಬಿಚ್ಚಿ, ಕೈ ತೊಳ್ಕೊಂಡು, ಟಿಫನ್ ಬಾಕ್ಸ್ ಅಡುಗೆಮನೇಲಿಟ್ಟು ಬಾ." ಒಂದೇ ಉಸಿರಿಗೆ ನಾಲ್ಕು ಕೆಲಸ, ಕೊನೆಗೊಂದು "ಬಾ". ಕನ್ನಡ ವಾಕ್ಯ ಹೀಗೆ ಕೊನೆಯ ಕ್ರಿಯಾಪದದವರೆಗೆ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ಕೇಳಬೇಕಾದ ವಾಕ್ಯ. ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ನೆನಪು ಸಣ್ಣದಾಗಿರುವ ಮಗುವಿಗೆ ಅದು ಭಾರ ಎಂಬುದು ನನ್ನ ಅನಿಸಿಕೆ. ಕೊನೆಗೆ ಉಳಿಯುವುದು "ಬಾ" ಮಾತ್ರ. ಮಗು ಶೂ ಸಮೇತ ಬಂದು ನಿಲ್ಲುತ್ತದೆ, ಬೈಸಿಕೊಳ್ಳುತ್ತದೆ. ಮುರಿದು ಹೇಳಿ: "ಬ್ಯಾಗ್ ಇಡು." ಇಟ್ಟ ಮೇಲೆ "ಶೂ ಬಿಚ್ಚು." ಅದಕ್ಕಿಂತ ಒಳ್ಳೆಯದು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಗೋಡೆಗೆ ನಾಲ್ಕು ಚಿತ್ರ. ಕಿವಿಗೆ ಬಿದ್ದದ್ದು ಹಾರಿಹೋಗುತ್ತದೆ, ಗೋಡೆಯಲ್ಲಿದ್ದದ್ದು ಅಲ್ಲೇ ಇರುತ್ತದೆ. ಚಿತ್ರ ಕೆಲಸ ನಡೆಯುವ ಜಾಗದಲ್ಲೇ ಇರಬೇಕು, ಫ್ರಿಜ್ಜಿನ ಮೇಲಲ್ಲ.

ಕೈ ತೊಳೆಯುವುದನ್ನೇ ಹತ್ತಿರದಿಂದ ನೋಡೋಣ. ಏಳು ಹೆಜ್ಜೆ: ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಚ್ಚು, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸು. ಅಮ್ಮ ಪಕ್ಕದಲ್ಲಿ ನಿಂತು ಪ್ರತಿ ಹೆಜ್ಜೆಗೂ "ಸೋಪು... ಉಜ್ಜು..." ಎನ್ನುತ್ತಾರೆ. ಮಗು ಕಲಿಯುವುದು ಏಳು ಹೆಜ್ಜೆಯನ್ನಲ್ಲ, ಹದಿನಾಲ್ಕನ್ನು: ಅಮ್ಮ "ಸೋಪು" ಅನ್ನುವುದೂ ಸರಪಳಿಯ ಒಂದು ಕೊಂಡಿಯಾಗಿ ಕೂರುತ್ತದೆ. ಅಮ್ಮ ಊರಿಗೆ ಹೋದ ದಿನ ಮಗು ಒದ್ದೆ ಕೈಯಲ್ಲಿ ನಿಂತೇ ಇರುತ್ತದೆ. "ಮರೆತುಬಿಟ್ಟ" ಎನ್ನುತ್ತೀರಿ. ಮರೆತಿಲ್ಲ, ಅತಿ ನಿಖರವಾಗಿ ನೆನಪಿಟ್ಟುಕೊಂಡಿದ್ದಾನೆ. ಆದ್ದರಿಂದ ಹಿಂದೆ ನಿಂತು, ಬಾಯಿ ಮುಚ್ಚಿಕೊಂಡು, ಕೈ ಹಿಡಿದು ಮಾಡಿಸಿ. ಕೊನೆಯಿಂದ ಶುರು ಮಾಡಿ: ಮೊದಲ ಆರು ಹೆಜ್ಜೆ ನಿಮ್ಮ ಕೈಯಾಸರೆಯಲ್ಲಿ, ಒರೆಸುವುದು ಅವನದ್ದೇ. ಮೂರು ದಿನ ಸತತವಾಗಿ ತಾನೇ ಒರೆಸಿದರೆ, ಆರನೆಯದನ್ನೂ ಬಿಟ್ಟುಕೊಡಿ. ಆಸರೆಯನ್ನು ಅಂಗೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಜಾರಿಸುತ್ತಾ ತೆಗೆಯಿರಿ.

ತಪ್ಪೂ ಹೀಗೇ ಇಡಿಯಾಗಿ ಕೂರುತ್ತದೆ. ಚಿತ್ರ ತೋರಿಸಿ "ಇದೇನು?" ಎಂದಿರಿ. "ಹಸು" ಎಂದಳು. "ಅಲ್ಲ, ಎಮ್ಮೆ" ಎಂದಿರಿ. ನಾಲ್ಕು ಸಲ ಹೀಗಾದರೆ ಐದನೇ ಸಲ ಎಮ್ಮೆ ಕಂಡಾಗ ಅವಳು ಹೇಳುವುದು "ಹಸು ಅಲ್ಲ ಎಮ್ಮೆ". ನಿಮ್ಮ ತಿದ್ದುಪಡಿಯೂ ಹೆಸರಿನ ಭಾಗವಾಗಿಬಿಟ್ಟಿದೆ. ಹೊಸದನ್ನು ಕಲಿಸುವಾಗ ತಪ್ಪಿಗೆ ಎಡೆಯೇ ಕೊಡದೆ, ಕೇಳಿದ ತಕ್ಷಣ ಉತ್ತರವನ್ನು ನೀವೇ ಕೊಡಿ. ಮುಂದಿನ ದಿನಗಳಲ್ಲಿ ಒಂದು ಸೆಕೆಂಡು, ಎರಡು ಸೆಕೆಂಡು ಎಂದು ತಡ ಮಾಡುತ್ತಾ ಹೋಗಿ. ಒಂದೇ ಚಿತ್ರದಲ್ಲಿ ಕಲಿಸಿದರೆ ಆ ಚಿತ್ರವೇ ಎಮ್ಮೆ, ಬೀದಿಯಲ್ಲಿ ಹೋಗುವುದು ಅಲ್ಲ. ಶುರುವಿನಿಂದಲೇ ಮೂರು ಬೇರೆ ಚಿತ್ರ, ಇಬ್ಬರು ಬೇರೆ ಜನ, ಎರಡು ಬೇರೆ ಜಾಗ ಇರಲಿ.

ಪರೀಕ್ಷೆಯ ವಿಷಯದಲ್ಲಿ ಶಾಲೆಗಳ ಮೇಲೆ ನನ್ನದೊಂದು ತಕರಾರಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗುತ್ತದೆ. ಬೇಕಾದದ್ದೇ. ಆದರೆ ಅದು ಕೈಯ ತೊಂದರೆಗೆ ಮದ್ದು. "ವಿಜಯನಗರ ಸಾಮ್ರಾಜ್ಯದ ಬಗ್ಗೆ ವಿವರಿಸಿ" ಎಂಬ ಪ್ರಶ್ನೆಯ ಮುಂದೆ ಖಾಲಿ ಕೂತ ಹುಡುಗನಿಗೆ ಅರ್ಧ ಗಂಟೆ ಹೆಚ್ಚು ಕೊಟ್ಟರೆ ಅರ್ಧ ಗಂಟೆ ಹೆಚ್ಚು ಖಾಲಿ ಕೂರುತ್ತಾನೆ. ಸ್ಥಾಪನೆ, ರಾಜರು, ಆಡಳಿತ, ಪತನ ಎಂದು ನಾಲ್ಕು ಉಪತಲೆಬರಹ ಕೊಟ್ಟರೆ ಅವನೇ ಎರಡು ಪುಟ ತುಂಬಿಸುತ್ತಾನೆ. ಶಾಲೆಯೇ ನಡೆಸುವ ಕಿರುಪರೀಕ್ಷೆಗಳಲ್ಲಿ ಇದನ್ನು ಮಾಡಲು ಯಾರ ಅಡ್ಡಿಯೂ ಇಲ್ಲ.

ದೊಡ್ಡವರಿಗೂ ಇದೇ ಕಥೆ. ಮುಂದೆ ಮಾಡಬೇಕಾದ್ದನ್ನು ನೆನಪಿಡುವುದರಲ್ಲಿ, ಗಂಟೆಗೆ ಕಟ್ಟಿದ ಕೆಲಸ ಹೆಚ್ಚು ಜಾರುತ್ತದೆ. ಒಂದು ಘಟನೆಗೆ ಕಟ್ಟಿದ್ದು ಅಷ್ಟು ಜಾರುವುದಿಲ್ಲ. "ಎಂಟು ಗಂಟೆಗೆ ಮಾತ್ರೆ" ಬೇಡ, ಮಾತ್ರೆಯ ಡಬ್ಬಿ ಕಾಫಿ ಪುಡಿ ಡಬ್ಬಿಯ ಮೇಲೇ ಕೂರಲಿ. ಅಲಾರಂ ಇಡುವುದಾದರೆ ಅದರ ಹೆಸರಿನಲ್ಲೇ ಕೆಲಸ ಬರೆದಿಡಿ. ಬರೀ ಕಿಣಿಕಿಣಿ ಆದರೆ ಅಲಾರಂ ನಿಲ್ಲಿಸಿದ್ದು ಮಾತ್ರ ನೆನಪಿರುತ್ತದೆ. ಕೆಲಸದ ಇಂಟರ್‌ವ್ಯೂನಲ್ಲಿ "ನೀವು ಟೀಮಿನಲ್ಲಿ ಕಷ್ಟದ ಸನ್ನಿವೇಶ ನಿಭಾಯಿಸಿದ ಒಂದು ಉದಾಹರಣೆ ಹೇಳಿ" ಎಂಬುದು "ಸ್ಕೂಲಲ್ಲಿ ಏನಾಯ್ತು" ಎಂಬುದರ ಸೂಟುಬೂಟು ತೊಟ್ಟ ಅಣ್ಣ. ಪ್ರಶ್ನೆಗಳನ್ನು ಹಿಂದಿನ ದಿನವೇ ಮೇಲ್ ಮಾಡಿ ಎಂದು ಕೇಳುವುದರಲ್ಲಿ ಮೋಸವೇನೂ ಇಲ್ಲ.

ಇದೆಲ್ಲ ನಿಜಕ್ಕೂ ಜೀವಕ್ಕೆ ಬರುವುದು ಮಗುವಿಗೆ ಯಾರಾದರೂ ಕೇಡು ಮಾಡಿದಾಗ. "ಸರಿಯಾಗಿ ಹೇಳೋಕೇ ಬರಲ್ಲ, ಇವನ ಮಾತು ನಂಬೋದು ಹೇಗೆ?" ಎಂದು ಪ್ರಕರಣ ಅಲ್ಲೇ ಸಾಯಬಾರದು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 26ನೇ ಕಲಮಿನ ಪ್ರಕಾರ ಹೇಳಿಕೆ ದಾಖಲಿಸುವಾಗ, 38ನೇ ಕಲಮಿನ ಪ್ರಕಾರ ವಿಶೇಷ ನ್ಯಾಯಾಲಯದಲ್ಲಿ, ಅಂಗವೈಕಲ್ಯವಿರುವ ಮಗುವಿಗಾಗಿ ವಿಶೇಷ ಶಿಕ್ಷಕರ ಅಥವಾ ಮಗುವಿನ ಸಂವಹನದ ರೀತಿ ಬಲ್ಲವರ ನೆರವು ಪಡೆಯಬಹುದು. ಕೇಳಿ ಪಡೆಯಿರಿ. "ಕಣ್ಣು ಮುಚ್ಚಿ ಆ ಜಾಗದಲ್ಲೇ ಇದ್ದೀಯ ಅಂದ್ಕೋ" ಎಂಬ ತಂತ್ರ ಉಳಿದ ಸಾಕ್ಷಿಗಳಿಗೆ ಅನುಕೂಲ. ಆಟಿಸಂ ಇರುವವರಿಗೆ ಅಷ್ಟಾಗಿ ಅಲ್ಲ. ಹೇಳುತ್ತಾ ಹೇಳುತ್ತಾ ಚಿತ್ರ ಬಿಡಿಸಲು ಬಿಟ್ಟರೆ ಹೆಚ್ಚು ಹೊರಬರುತ್ತದೆ. ದೊಡ್ಡವರಾದರೆ, ನಡೆದದ್ದನ್ನು ಮೊದಲು ತಾವೇ ನಾಲ್ಕೈದು ತುಂಡು ಮಾಡಿ ಚೀಟಿಗಳಲ್ಲಿ ಬರೆದಿಟ್ಟು, ಆಮೇಲೆ ಒಂದೊಂದೇ ಚೀಟಿ ಎತ್ತಿ ವಿವರ ಹೇಳುವ ಕ್ರಮ ಕೆಲಸ ಮಾಡುತ್ತದೆ.

ಇಂಥ ದಿನ ಬರದಿರಲಿ, ಆದರೂ ಮಗುವನ್ನು ಹೇಗೆ ಕೇಳಬೇಕು ಎಂದು ಒಂದು ಹಾಳೆ ಇವತ್ತೇ ಬರೆದು ಶಾಲೆಯ ಫೈಲಿನಲ್ಲೊಂದು, ಮನೆಯಲ್ಲೊಂದು ಇಡಿ. ಉದ್ದ ಬೇಡ, ಐದು ಸಾಲು: ಒಂದು ಸಲಕ್ಕೆ ಒಂದೇ ಪ್ರಶ್ನೆ. ಹತ್ತು ಸೆಕೆಂಡು ಕಾಯಿರಿ. "ನಿನಗೆ ನೀರು ಬೇಕಾ" ಎಂದು ಮಗಳು ಹೇಳಿದರೆ ಅವಳಿಗೇ ನೀರು ಬೇಕು ಎಂದರ್ಥ. ಪೆನ್ಸಿಲ್, ಕಾಗದ ಕೊಡಿ. ಎರಡು ಆಯ್ಕೆ ಕೊಟ್ಟರೆ ಕೊನೆಯದನ್ನೇ ಹೇಳುತ್ತಾಳೆ, ಅದಲುಬದಲು ಮಾಡಿ ಇನ್ನೊಮ್ಮೆ ಕೇಳಿ.