ಕೌದಿ ಕಲಿಯೋಕೆ ಗಡಿ ದಾಟಬೇಕಾಯ್ತು

"ಅದರಾಗ ಕಲಿಸೋದೇನದ? ನೋಡಿದ್ರ ಬರ್ತದ."

ಹಳೇ ಬಟ್ಟೆ ಜೋಡಿಸಿ ಹಾಸೋಕೆ, ಹೊದೆಯೋಕೆ ಮಾಡ್ತಾರಲ್ಲ, ಆ ಕೌದಿ ಹೊಲಿಯೋದು ಹೇಗೆ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ಬಾಗಲಕೋಟೆಯ ನಮ್ಮ ಅತ್ತೆ ಕೊಟ್ಟ ಉತ್ತರ ಇದು. ನೋಡಿದರೆ ಬರುವ ಹಾಗಿದ್ದರೆ ನನಗೆ ಯಾವತ್ತೋ ಬರಬೇಕಿತ್ತು. ಹುಟ್ಟಿದಾಗಿನಿಂದ ಅದರ ಮೇಲೇ ಮಲಗಿದವರು ನಾವು.

ಕೊನೆಗೆ ಕಲಿಸಿದ್ದು ಇಲ್ಲಿ ಸೋಲಾಪುರದಲ್ಲಿ, ಪಕ್ಕದ ಮನೆಯ ಮರಾಠಿ ಕಾಕು. ಅದೂ ತಾವಾಗಿಯೇ ಕರೆದು. ಮೊದಲ ದಿನ ಸೂಜಿ ಮುಟ್ಟಗೊಡಲಿಲ್ಲ. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ನಾಲ್ಕೂವರೆ ಇಂಚಿನ ಚೌಕ ಕತ್ತರಿಸಿ, ಬಟ್ಟೆ ಕತ್ತರಿಸೋಕೆ ಇದೇ ಅಳತೆ ಅಂತ ಕೈಗಿಟ್ಟರು. ಸುತ್ತ ಕಾಲು ಇಂಚು ಹೊಲಿಗೆಗೆ ಹೋಗುತ್ತೆ, ಕೊನೆಗೆ ಕಾಣೋದು ನಾಲ್ಕೇ ಇಂಚು. ತ್ರಿಕೋನದ ಆಸೆ ಈಗಲೇ ಬೇಡ, ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಷ್ಟೂ ಹಿಗ್ಗುತ್ತೆ ಅಂದರು. ಬರೀ ಕಾಟನ್. ಹೊಸ ಬಟ್ಟೆಯಿದ್ದರೆ ಕತ್ತರಿಸೋ ಮೊದಲೇ ಒಗೆಯಬೇಕು. ಇಲ್ಲಾಂದ್ರೆ ಆಮೇಲೆ ಅದೊಂದೇ ಕುಗ್ಗಿ ಪಕ್ಕದ ತುಂಡನ್ನೂ ಜಗ್ಗುತ್ತೆ.

ನನಗೆ ಜಾಸ್ತಿ ಹಿಡಿಸಿದ್ದು ಇಸ್ತ್ರಿಯ ಉಪಾಯ. ಚೌಕಗಳನ್ನು ಸಾಲು ಸಾಲಾಗಿ ಹೊಲಿದ ಮೇಲೆ, ಒಂದು ಸಾಲಿನ ಹೊಲಿಗೆಯಂಚುಗಳನ್ನೆಲ್ಲ ಎಡಕ್ಕೆ ಮಡಚಿ ಇಸ್ತ್ರಿ ಮಾಡಬೇಕು, ಮುಂದಿನ ಸಾಲಿನವನ್ನು ಬಲಕ್ಕೆ. ಆಮೇಲೆ ಎರಡು ಸಾಲನ್ನು ಮುಖಕ್ಕೆ ಮುಖ ಇಟ್ಟು ಬೆರಳಲ್ಲಿ ಸವರಿದರೆ ಅಂಚಿಗೆ ಅಂಚು ತಾಗಿ ಕೂತಿದ್ದು ಗೊತ್ತಾಗುತ್ತೆ. ಅಲ್ಲಿಗೇ ಪಿನ್ನು. ನಾಲ್ಕು ಚೌಕದ ಮೂಲೆ ಒಂದೇ ಕಡೆ ಸೇರುತ್ತೆ.

ಇಂಥದ್ದನ್ನು ನಮ್ಮೂರಲ್ಲಿ ಯಾರಾದರೂ ಬಿಡಿಸಿ ಹೇಳ್ತಾರಾ? ಕೇಳಿದರೆ ನಗ್ತಾರೆ. ಹೊಲಿಗೆ ಸೊಟ್ಟಗಾದರೆ ಕೈಯಿಂದ ಕಸಿದುಕೊಂಡು, ಬಿಚ್ಚಿ, ತಾವೇ ಹೊಲಿದುಬಿಡ್ತಾರೆ. ರೊಟ್ಟಿ ಬಡಿಯೋದರಲ್ಲೂ ಇದೇ ಕಥೆ, ಅಲ್ವಾ? ಹೀಗಾಗಿ ನಮ್ಮ ಓರಗೆಯವರ ಹಳೇ ಸೀರೆಗಳೆಲ್ಲ ಸ್ಟೀಲ್ ಪಾತ್ರೆಯವಳ ಗಂಟು ಸೇರುತ್ತಿವೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಅಮೆರಿಕದ ಪ್ರದರ್ಶನದವರೆಗೆ ಹೋಗಿ ಬಂದವು. ನಮ್ಮ ಮನೆಯವು ಟ್ರಂಕಿನಿಂದ ಆಚೆ ಬರಲಿಲ್ಲ.

ಕಾಕುವಿನ ಕೆಲಸ ಅಚ್ಚುಕಟ್ಟು. ಆದರೆ, ಹೇಳದಿದ್ದರೆ ತಪ್ಪಾಗುತ್ತೆ, ಅವರು ಮೇಲಿನ ಜೋಡಣೆಗೂ ಅಡಿಯ ಬಟ್ಟೆಗೂ ನಡುವೆ ಹತ್ತಿ ಹರಡಿ, ಮಿಷನ್‌ನಲ್ಲಿ ದೂರ ದೂರ ಗೆರೆ ಹೊಡೀತಾರೆ. ಒಗೆದಂತೆಲ್ಲ ಹತ್ತಿ ಸರಿದು ಗಂಟು ಕಟ್ಟುತ್ತೆ. ನಮ್ಮೂರ ಕೌದಿಗೆ ಆ ಕಾಟವೇ ಇಲ್ಲ. ಸೀರೆಯ ಮೇಲೆ ಸೀರೆ, ಅಳತೆ ಗಿಳತೆ ಏನಿಲ್ಲ. ಅಂಚಿನಿಂದ ಶುರುವಾದ ಕೈಹೊಲಿಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತೆ. ಗೆರೆಗೂ ಗೆರೆಗೂ ಬೆರಳಗಲವೂ ಜಾಗ ಇರಲ್ಲ. ಕಲ್ಲಿಗೆ ಬಡಿದು ಒಗೆದರೂ ಪದರ ಅಲುಗಾಡಲ್ಲ, ಮೆತ್ತಗಾಗುತ್ತೆ ಅಷ್ಟೇ. ಸುಕ್ಕು ಬರದ ಹಾಗೆ ಅಷ್ಟೂ ಸೀರೆಯನ್ನು ಹಿಡಿದು ಹೊಲಿಯೋ ಆ ಕೈಚಳಕ ಕಾಕುವಿಗೂ ಗೊತ್ತಿಲ್ಲ.

ಅದನ್ನು ಕೂರಿಸಿಕೊಂಡು ಕಲಿಸೋರು ಊರ ಕಡೆ ಯಾರಾದರೂ ಇದ್ದರೆ ಹೇಳಿ, ರಜೆ ಹಾಕಿ ಬರ್ತೀನಿ.