ಸುಕ್ಕು ಬರಿಸುವ ಕೆಲಸ

ಕಿಟಕಿ ಸರಳಿಗೆ ಎನಾಮಲ್ ಪೇಂಟ್ ದಪ್ಪಗೆ ಬಳಿದರೆ ಮೂಲೆಯಲ್ಲಿ ಇಳಿದು ನಿಂತ ಬಣ್ಣ ಸುಕ್ಕುಗಟ್ಟುತ್ತದೆ. ಮನೆಯವರು ಪೇಂಟರನ್ನು ಬೈಯುತ್ತಾರೆ. ಅದೇ ಸುಕ್ಕು ಹಳೇ ವಾಲ್ವ್ ಆಂಪ್ಲಿಫೈಯರಿನ ಡಬ್ಬದ ಮೇಲೆ ಒಂದೇ ಸಮನೆ ಹರಡಿದ್ದರೆ ಮೆಚ್ಚಿ ಕೈಯಾಡಿಸುತ್ತಾರೆ. ತಪ್ಪನ್ನು ಎಲ್ಲ ಕಡೆ ಸಮನಾಗಿ ಮಾಡಿದರೆ ಅದು ರಿಂಕಲ್ ಫಿನಿಶ್. ತಗಡಿನ ಸಣ್ಣ ತಗ್ಗು, ವೆಲ್ಡಿಂಗ್ ಗುರುತು, ಬೆರಳಚ್ಚು ಎಲ್ಲ ಅದರಡಿ ಮಾಯ.

ಗುಟ್ಟು ಇರುವುದು ಈ ಬಣ್ಣದಲ್ಲಿರುವ, ಟಂಗ್ ಮರದ ಬೀಜದ ಎಣ್ಣೆಯಂಥ ಒಣಗುವ ಎಣ್ಣೆಯಲ್ಲಿ. ಮೇಲ್ಪದರ ಗಾಳಿಯ ಆಮ್ಲಜನಕ ಹೀರಿ ಹಾಲಿನ ಕೆನೆಯಂತೆ ಬೇಗ ಕಟ್ಟಿಕೊಂಡು ಹಿಗ್ಗುತ್ತದೆ. ಅಡಿಯದು ಇನ್ನೂ ಹಸಿ. ಹಿಗ್ಗಿದ ಪದರಕ್ಕೆ ಜಾಗ ಸಾಲದೆ ಮಡಿಚಿಕೊಳ್ಳುತ್ತದೆ. ಹಾಗಾಗಿ ಕೊಡಗಿನ ಗೋಣಿಕೊಪ್ಪದಲ್ಲಿ ಜೀಪಿಗೆ ತೆಳ್ಳಗೆ ಸ್ಪ್ರೇ ಹೊಡೆದು ಪಳಗಿದ ಕೈಗೆ ಈ ಕೆಲಸ ಕಷ್ಟ. ಇಲ್ಲಿ ತೆಳು ಕೋಟಿಂಗ್ ಕೊಟ್ಟರೆ ಸುಕ್ಕೇ ಬಾರದು.

ಹಳೇ ಆಂಪ್ಲಿಫೈಯರಿಗೆ ಈ ಬಣ್ಣ ಹೊಸದಾಗಿ ಹೊಡೆಯಲು ಮೊದಲು ಡಬ್ಬ ಖಾಲಿಯಾಗಬೇಕು. ಪ್ಲಗ್ ಕಿತ್ತರೂ ವಾಲ್ವ್ ಸೆಟ್ಟಿನ ಕಂಡೆನ್ಸರ್‌ಗಳಲ್ಲಿ ನೂರಾರು ವೋಲ್ಟ್ ಕೂತಿರಬಹುದು. ಅದನ್ನು ಇಳಿಸದೆ ಕೈ ಹಾಕುವಂತಿಲ್ಲ. ಹಳೇ ಬಣ್ಣ ತೆಗೆಯಲು ಪೇಂಟ್ ರಿಮೂವರೇ ಸರಿ. ಒಣ ಎಮೆರಿ ಉಜ್ಜಿದರೆ ಏಣುಗಳಷ್ಟೇ ಸವೆಯುತ್ತವೆ, ಹಳೇ ಬಣ್ಣದಲ್ಲಿ ಸೀಸವಿದ್ದರೆ ಆ ಧೂಳು ಮೂಗಿಗೆ. ಆಮೇಲೆ 180, 320 ನಂಬರಿನ ವಾಟರ್ ಪೇಪರ್, ಥಿನ್ನರ್‌ನಲ್ಲಿ ಒರೆಸುವುದು, ಪ್ರೈಮರ್. ಅಲ್ಯೂಮಿನಿಯಂ ಆದರೆ ಲೋಹವನ್ನು ಕೊಂಚ ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬೇಕು.

ಈಗ ರಿಂಕಲ್ ಬಣ್ಣ. ಮೊದಲ ಕೋಟ್ ಉದ್ದಕ್ಕೆ, ಐದು ನಿಮಿಷ ಬಿಟ್ಟು ಎರಡನೆಯದು ಅಡ್ಡಕ್ಕೆ, ಮತ್ತೈದು ನಿಮಿಷಕ್ಕೆ ಮೂರನೆಯದು ಓರೆಯಾಗಿ. ಇನ್ನೇನು ಇಳಿಯಿತು ಅನ್ನುವಷ್ಟು ದಪ್ಪ. ಬಣ್ಣ ಹೊಡೆಯುವ ಮುಖ ಮಲಗಿದ್ದರೆ ಒಳ್ಳೆಯದು, ನಿಲ್ಲಿಸಿದರೆ ಜಾರುತ್ತದೆ. ಅಂಚಿನಲ್ಲಿ ಬಣ್ಣ ತೆಳುವಾಗುವುದೇ ಹೆಚ್ಚು, ಅಲ್ಲೇ ಸುಕ್ಕು ಕೈಕೊಡುವುದೂ. ನಂತರ ಹೀಟ್ ಗನ್ನನ್ನು ಮೊಳದಷ್ಟು ದೂರದಿಂದ, ಒಂದೆಡೆ ನಿಲ್ಲಿಸದೆ, ಆಡಿಸುತ್ತಿರಬೇಕು. ಹೊಳಪು ಮೊದಲು ಮಂಕಾಗುತ್ತದೆ. ಆಮೇಲೆ ಕೂದಲೆಳೆಯಂಥ ಗೆರೆಗಳು ಎದ್ದು, ಒಂದಕ್ಕೊಂದು ಸೇರಿ ಮೇಲ್ಮೈ ತುಂಬುತ್ತವೆ. ಬಿಸಿ ಒಂದೇ ಕಡೆ ತಗುಲಿದರೆ ಅಲ್ಲಿನ ಸುಕ್ಕೇ ಬೇರೆ. ಬೋಳು ಉಳಿದ ಜಾಗಕ್ಕೆ ಅರೆಒಣಗಿದಾಗ ತೇಪೆ ಹೊಡೆದರೆ ಅಡಿಯ ಬಣ್ಣ ಎದ್ದು ಬರುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಿ ಇಡೀ ಮುಖಕ್ಕೇ ಮತ್ತೆ ಹೊಡೆಯಬೇಕು.

ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಇದಕ್ಕೆ ಕೈ ಹಾಕಬಾರದು. ತಣ್ಣಗಿನ ತಗಡಿನ ಮೇಲೆ ಕಾಣದ ಪಸೆ ಕೂತಿರುತ್ತದೆ, ಬಣ್ಣ ಹಿಡಿಯುವುದಿಲ್ಲ. ಒಲೆ ಪಕ್ಕ ಬೆಚ್ಚಗಿಡೋಣವೆಂದರೆ ಥಿನ್ನರ್ ಆವಿಗೆ ಕಿಡಿ ಸಾಕು. ಕಾಫಿ ಕಣಕ್ಕೆ ಬೀಳುವ ಜನವರಿ, ಫೆಬ್ರುವರಿಯ ಬಿಸಿಲೇ ಹದ. ಕಣದ ಪಕ್ಕ ಮಾತ್ರ ಬೇಡ: ಧೂಳು ಬಣ್ಣಕ್ಕೆ ಅಂಟುತ್ತದೆ, ಪೇಂಟ್ ವಾಸನೆ ಕಾಫಿಗೆ ಹತ್ತುತ್ತದೆ. ಎರಡನೆಯದನ್ನು ತೋಟದವರು ಕ್ಷಮಿಸುವುದಿಲ್ಲ.

ಒಂದು ವಾರ ಮುಟ್ಟದೆ ಬಿಟ್ಟು ಜೋಡಿಸಿ. ಅರ್ತಿಂಗ್ ಸ್ಕ್ರೂ ಕೂರುವ ಜಾಗಕ್ಕೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿರದಿದ್ದರೆ ಅಷ್ಟು ಬಣ್ಣ ಕೆರೆದು ಲೋಹ ಕಾಣಿಸಬೇಕು. ಇಲ್ಲವಾದರೆ ಅರ್ತಿಂಗ್ ತಪ್ಪಿ ಸ್ಪೀಕರಿನಲ್ಲಿ ‘ಹುಂ’ ಸದ್ದು ಬರಬಹುದು. ಲೈನ್ ವೈರಿನ ಕರೆಂಟು ಡಬ್ಬಕ್ಕೆ ಸೋರಿದ ದಿನ ಆ ಚೆಂದದ ಡಬ್ಬ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.