ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಅಂತ ಒಬ್ಬರೂ ಹೇಳಲಿಲ್ಲ

ಡೀಸೆಲ್ ಟ್ಯಾಂಕಿಗೆ ಗಾಳಿ ಹೋಗುವ, ಕಿರುಬೆರಳು ದಪ್ಪದ ಒಂದು ಪೈಪು. ಅದರ ಬಾಯಿಗೊಂದು ಸಣ್ಣ ಜಾಲರಿ. ಆ ಜಾಲರಿಗೆ ನೀಲಿ ಬಣ್ಣ ಮೆತ್ತಿ ತೂತೆಲ್ಲ ಮುಚ್ಚಿಹೋಗಿತ್ತು. ಅಷ್ಟೇ. ಇಷ್ಟಕ್ಕೆ ನನ್ನ ಬೋಟು ಆಗಸ್ಟ್ ತಿಂಗಳಲ್ಲಿ 19 ದಿನ ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಬಿದ್ದಿತ್ತು. ಕೈಯಿಂದ 72,700 ರೂಪಾಯಿ ಹೋಯಿತು. ಒಂದು ಸಂಜೆ ನಾವು ಐದು ಜನ ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಇಂಜಿನ್ ಇಲ್ಲದೆ ತೇಲಿದೆವು. ಇದನ್ನು ಬರೆಯುವಾಗಲೂ ಸಿಟ್ಟಿಗೆ ಕೈ ನಡುಗುತ್ತಿದೆ.

ನಮ್ಮದು ಹೊನ್ನಾವರದ ಕಡೆಯ, ಬಲೆ ಎಳೆದು ಮೀನು ಹಿಡಿಯುವ ಸಣ್ಣ ಟ್ರಾಲ್ ಬೋಟು. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಸಂಜೆಗೆ ವಾಪಸ್. ಆರು ಸಿಲಿಂಡರಿನ ಡೀಸೆಲ್ ಇಂಜಿನ್, 22 ವರ್ಷ ಹಳೆಯದು. ಅಪ್ಪ ಹಾಕಿಸಿದ್ದು. ಹಳೆಯದು ಅಂತ ಯಾರೂ ಮೂಗು ಮುರಿಯಬೇಡಿ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸುತ್ತೇನೆ. ಕೂಲಿಂಗ್ ಪಂಪಿನ ರಬ್ಬರ್ ಇಂಪೆಲ್ಲರನ್ನು ಪ್ರತಿ ಸೀಸನ್ನಿಗೂ ಹೊಸದು ಹಾಕುತ್ತೇನೆ. ಚಾವಿ ತಿರುಗಿಸಿದರೆ ಅರ್ಧ ಸುತ್ತಿಗೆ ಎದ್ದು ನಿಲ್ಲುವ ಇಂಜಿನ್ ಅದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್ ಅಲ್ವಾ. ಆ 61 ದಿನ ನಮಗೆ ಸುಮ್ನೆ ಕೂರುವ ದಿನಗಳಲ್ಲ. ಬೋಟು ಮೇಲೆ ಎಳೆಸಿ, ಅಡಿಯ ಚಿಪ್ಪು ಕೆರೆದು, ಸಂದಿ ಮುಚ್ಚಿಸಿ, ಬಣ್ಣ ಹೊಡೆಸಿದೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ಕೂತ ನೀರನ್ನು ನಾನೇ ಕೈಯಾರೆ ತೆಗೆದೆ. ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಬಿಟ್ಟರೆ ಒಳಗೆ ಬೆವರಿ ನೀರು ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಸೇರುವಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಆ ಲೋಳೆ ಫಿಲ್ಟರ್ ಕಟ್ಟಿಸುತ್ತದೆ. ಇದು ನನಗೆ ಗೊತ್ತು. ಅದಕ್ಕೇ ತೆಗೆದೆ.

ಆಗಸ್ಟ್ 2ರ ಬೆಳಿಗ್ಗೆ ಟ್ಯಾಂಕ್ ಫುಲ್ ಮಾಡಿ ಹೊರಟೆವು. ನಲವತ್ತು ನಿಮಿಷ ಓಡಿತು. ಆಮೇಲೆ ಇಂಜಿನ್ನಿನ ದನಿ ಬದಲಾಯಿತು. ರೇಸ್ ತಾನಾಗಿ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು, ನಿಧಾನಕ್ಕೆ ಬಂದ್ ಬಿತ್ತು. ಅರ್ಧ ಗಂಟೆ ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗಿಲ್ಲ ಎನ್ನುವ ಹಾಗೆ ಎದ್ದಿತು. ಇಪ್ಪತ್ತು ನಿಮಿಷ ಓಡಿ ಮತ್ತೆ ನಿಂತಿತು. ಬಲೆ ಬಿಡದೆ ವಾಪಸ್ ಬಂದೆವು.

ಇಲ್ಲಿಂದ ಶುರು ನೋಡಿ ಮೆಕ್ಯಾನಿಕ್‌ಗಳ ಕಥೆ.

ಮೊದಲು ಬಂದವರು ಎರಡೂ ಫಿಲ್ಟರ್ ಬದಲಿಸಿದರು, ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆದರು. ಸರಿ, ಅದು ಮೊದಲು ಮಾಡಬೇಕಾದ ಕೆಲಸವೇ. ತಕರಾರಿಲ್ಲ. ಧಕ್ಕೆಯಲ್ಲೇ ಇಂಜಿನ್ ಹಾಕಿ ಇಪ್ಪತ್ತು ನಿಮಿಷ ಓಡಿಸಿದರು. ಚೆನ್ನಾಗಿ ಓಡಿತು. 4,200 ರೂಪಾಯಿ ಕೊಟ್ಟೆ. ಆದರೆ ಹಳೆಯ ಫಿಲ್ಟರಿನಲ್ಲಿ ಕಸವೇ ಇರಲಿಲ್ಲ. ಅದನ್ನು ಕತ್ತರಿಸಿ ಅವರ ಕಣ್ಣೆದುರೇ ಹಿಡಿದೆ. "ಕಸ ಇಲ್ಲ ಅಂದ್ಮೇಲೆ ಡೀಸೆಲ್ ಯಾಕೆ ಬರ್ತಿಲ್ಲ?" ಅಂತ ಕೇಳಿದೆ. "ಈಗ ಓಡ್ತದೆ ಅಲ್ವಾ" ಅಂದರು.

ಮಾರನೆಯ ದಿನ ಟ್ಯಾಂಕ್ ಸ್ವಲ್ಪ ಖಾಲಿಯಾಗಿತ್ತು, ತುಂಬಿಸದೆ ಹೋದೆವು. ಎರಡು ಗಂಟೆಗೂ ಜಾಸ್ತಿ ಓಡಿತು. ಸರಿಯಾಯಿತು ಅಂದುಕೊಂಡು ಸಂಜೆ ಬಂದು ಡೀಸೆಲ್ ತುಂಬಿಸಿದೆ. ಆಮೇಲಿನ ದಿನ, ಅಂದರೆ ಆಗಸ್ಟ್ 5ರಂದು ಇಡೀ ದಿನ ನಿಲ್ಲುವುದು ಏಳುವುದು ಮಾಡಿ, ಸಂಜೆ ವಾಪಸ್ ಬರುವಾಗ ಸರಿಯಾಗಿ ಅಳಿವೆಯಲ್ಲಿ ಬಂದ್ ಬಿತ್ತು.

ಶರಾವತಿ ಅಳಿವೆ ಗೊತ್ತಿದ್ದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಅಲ್ಲಿ ಮರಳಿನ ಹೂಳು ತುಂಬಿದೆ. ದಾರಿ ಕಿರಿದು, ಅದೂ ವರ್ಷ ವರ್ಷ ಜಾಗ ಬದಲಿಸುತ್ತದೆ. ಭರತ ನೋಡಿಕೊಂಡೇ ಒಳಗೆ ಬರಬೇಕು. ಆಗಸ್ಟಿನ ಅಲೆ ಹಿಂದಿನಿಂದ ಎತ್ತುತ್ತಿರುತ್ತದೆ. ಇಂಜಿನ್ ಇದ್ದರೆ ಬೋಟಿನ ಮೂತಿ ನೇರ ಇಡಬಹುದು. ಇಂಜಿನ್ ನಿಂತರೆ ಬೋಟು ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟಿಗೆ ಮುಂದಿನ ಅಲೆ ಸಾಕು. ಬೋಟು ನಡೆಸುವ ನಮ್ಮ ತಾಂಡೇಲರು 30 ವರ್ಷ ಸಮುದ್ರ ಕಂಡವರು, ಅವರ ಮುಖ ಬಿಳುಚಿದ್ದನ್ನು ನಾನು ಅವತ್ತೇ ನೋಡಿದ್ದು. ಲಂಗರು ಬಿಟ್ಟೆವು, ಹಿಡಿಯಿತು. ಹಿಂದೆ ಬರುತ್ತಿದ್ದ ಬೋಟಿನವರು ಹಗ್ಗ ಕೊಟ್ಟು ಎಳೆದು ತಂದರು. ಅವರ ಋಣ ದೊಡ್ಡದು. ಮನೆಯಲ್ಲಿ ಹೇಳಲಿಲ್ಲ.

ಎರಡನೆಯ ಮೆಕ್ಯಾನಿಕ್ ದೊಡ್ಡ ಹೆಸರಿನವರು. ಬಂದವರು ಕೂರಲಿಲ್ಲ, ಏನೂ ಕೇಳಲಿಲ್ಲ. "ಹಳೇ ಇಂಜಿನ್ನು, ಪಂಪ್ ಹೋಗಿದೆ" ಅಂದರು. ಸಿಲಿಂಡರಿಗೆ ಡೀಸೆಲ್ ಒತ್ತಿ ಕೊಡುವ ಪಂಪ್ ಅದು. ಎಷ್ಟು ಹೊತ್ತು ಓಡಿ ನಿಲ್ಲುತ್ತದೆ? ಒಮ್ಮೆಗೇ ನಿಲ್ಲುತ್ತದೋ, ನಿಧಾನಕ್ಕೆ ಇಳಿದು ನಿಲ್ಲುತ್ತದೋ? ಹೊಗೆ ಯಾವ ಬಣ್ಣ? ಮತ್ತೆ ಯಾವಾಗ ಏಳುತ್ತದೆ? ಜ್ವರ ಅಂತ ಹೋದರೆ ಡಾಕ್ಟರು ಎಷ್ಟು ದಿನದಿಂದ ಅಂತಾದರೂ ಕೇಳುತ್ತಾರೆ. ಇವರು ಅದನ್ನೂ ಕೇಳಲಿಲ್ಲ. ಪಂಪ್ ಬಿಚ್ಚಿ ದೂರದ ಪೇಟೆಯ ವರ್ಕ್‌ಶಾಪಿಗೆ ಕಳಿಸಿದರು. 12 ದಿನ. ಎಲಿಮೆಂಟ್ ಹೊಸದು, ಡೆಲಿವರಿ ವಾಲ್ವ್ ಹೊಸದು, ಸೀಲ್ ಹೊಸದು. 41,000 ರೂಪಾಯಿ. "ಬಿಚ್ಚುವ ಮೊದಲು ಟೆಸ್ಟ್ ಬೆಂಚಿನ ಮೇಲೆ ಹಾಕಿ ನೋಡಿದ್ರಾ? ಏನು ಹಾಳಾಗಿತ್ತು?" ಅಂತ ಫೋನ್ ಮಾಡಿ ಕೇಳಿದೆ. ಆ ಕಡೆಯಿಂದ ಉತ್ತರವೇ ಇಲ್ಲ.

ಆ 12 ದಿನ ನಾನು ಧಕ್ಕೆಯಲ್ಲಿ ನಿಂತು ಬೇರೆಯವರ ಬೋಟು ಸಿಗಡಿ ಇಳಿಸುವುದನ್ನು ನೋಡಿದೆ. ಬಂದ್ ಮುಗಿದ ಮೊದಲ ವಾರಗಳ ಸಿಗಡಿ ಅಂದರೆ ನಮಗೆ ವರ್ಷದ ಅನ್ನ. ಅದರಲ್ಲೇ ಸೊಸೈಟಿಯ ಕಂತು, ಅದರಲ್ಲೇ ಮಕ್ಕಳ ಫೀಸು. ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಮುಂಗಡ ಕೊಟ್ಟಾಗಿದೆ, ಅವರೂ ಕೆಲಸವಿಲ್ಲದೆ ಕೂತಿದ್ದಾರೆ. ಅವರದ್ದೂ ಸಂಸಾರ ಅಲ್ವಾ.

ಪಂಪ್ ಬಂತು, ಕೂಡಿಸಿದರು. ಧಕ್ಕೆಯಲ್ಲಿ ಚೆನ್ನಾಗಿ ಓಡಿತು. ಸಮುದ್ರಕ್ಕೆ ಹೋದರೆ ಮತ್ತೆ ನಲವತ್ತು ನಿಮಿಷ. ಅದೇ ಮೆಕ್ಯಾನಿಕ್ ಈಗ "ಹಾಗಾದ್ರೆ ನೋಜಲ್" ಅಂದರು. ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಆರು ನೋಜಲ್, 18,500. ಅವರ ಕೂಲಿ 9,000. ಆಗಸ್ಟ್ 26ಕ್ಕೆ ಮತ್ತೆ ಹೋದೆವು, ಮತ್ತೆ ನಿಂತಿತು. ಮೂರನೆಯವರೊಬ್ಬರು ಬಂದು ಇಂಜಿನ್ ಮೇಲೆ ಕೈ ಇಟ್ಟು, "ಇದ್ರ ಕಾಲ ಮುಗೀತು. ಹೊಸ ಇಂಜಿನ್ ಹಾಕಿ, ನನ್ಗೆ ಗೊತ್ತಿರುವ ಡೀಲರ್ ಇದಾರೆ" ಅಂದರು. ಅವರನ್ನು ಅಲ್ಲಿಂದಲೇ ಕಳಿಸಿದೆ.

ಈಗ ಮುಖ್ಯ ಮಾತು. ನಮ್ಮ ಬೋಟಿನಲ್ಲಿ ಒಬ್ಬ ಹುಡುಗ ಇದ್ದಾನೆ. ಇಪ್ಪತ್ತು ವರ್ಷ ಇರಬಹುದು. ಐಸ್ ಹೊಡೆಯುವುದು, ಮೀನು ಆರಿಸುವುದು ಅವನ ಕೆಲಸ. ಅವನು ಎರಡನೆಯ ಮೆಕ್ಯಾನಿಕ್‌ಗೆ ಮೊದಲ ದಿನವೇ ಹೇಳಿದ್ದ. "ಅಣ್ಣಾ, ಟ್ಯಾಂಕ್ ಫುಲ್ ಮಾಡಿದ್ ದಿನವೇ ಬೇಗ ನಿಲ್ತದೆ. ಕಮ್ಮಿ ಇದ್ದಾಗ ಜಾಸ್ತಿ ಓಡ್ತದೆ." ಅವರು ತಲೆ ಎತ್ತಿಯೂ ನೋಡದೆ "ನೀನು ಬಲೆ ನೋಡ್ಕೋ ಹೋಗು" ಅಂದರು. ನಾನೂ ಅಲ್ಲೇ ಇದ್ದೆ. ಅವನ ಮಾತು ಹಿಡಿದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದ್ದೇನೆ.

ಆಗಸ್ಟ್ 26ರಂದು ಇಂಜಿನ್ ನಿಂತ ಕೂಡಲೇ, ಡೀಸೆಲ್ ಎಷ್ಟಿದೆ ಅಂತ ಕೋಲು ಹಾಕಿ ನೋಡಲು ಅವನು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಬಿಗಿಯಾಗಿ ಹಿಡಿದಿತ್ತು. ಒತ್ತಿ ತಿರುಗಿಸಿದಾಗ ಹುಸ್ ಅಂತ ಗಾಳಿ ಒಳಗೆ ನುಗ್ಗಿತು. ಎಲ್ಲರಿಗೂ ಕೇಳಿಸಿತು. ಮುಚ್ಚಳ ಹಾಕದೆ ಹಾಗೇ ಬಟ್ಟೆ ಕಟ್ಟಿ ಇಂಜಿನ್ ಎಬ್ಬಿಸಿದೆವು. ಧಕ್ಕೆಯವರೆಗೆ ಒಂದು ಸಲವೂ ದನಿ ಬದಲಾಗಲಿಲ್ಲ. ಬಂದು ಉಸಿರು ಪೈಪಿನ ಬಾಯಿ ನೋಡಿದರೆ ನೀಲಿ ಬಣ್ಣ. ಬಂದ್ ಸಮಯದಲ್ಲಿ ಬಣ್ಣ ಹೊಡೆದವರು ಜಾಲರಿಯ ಮೇಲೂ ಎರಡು ಕೋಟ್ ಎಳೆದಿದ್ದರು. ಮೊಳೆಯಲ್ಲಿ ಕೆರೆದೆ. ಎರಡು ನಿಮಿಷದ ಕೆಲಸ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟ್ಯಾಂಕಿನಿಂದ ಡೀಸೆಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕೇ ಆ ಉಸಿರು ಪೈಪು. ಅದು ಮುಚ್ಚಿದರೆ ಒಳಗೆ ಗಾಳಿ ತೆಳುವಾಗುತ್ತಾ ಹೋಗಿ ಟ್ಯಾಂಕೇ ಡೀಸೆಲ್ಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್ ಎಳೆಯುವಷ್ಟು ಎಳೆದು ಸೋಲುತ್ತದೆ. ಟ್ಯಾಂಕ್ ಫುಲ್ ಇದ್ದರೆ ಮೇಲೆ ಗಾಳಿಗೆ ಜಾಗ ಕಮ್ಮಿ. ಹತ್ತು ಲೀಟರ್ ಹೋದರೂ ಎಳೆತ ಜೋರಾಗುತ್ತದೆ. ಅರ್ಧ ಖಾಲಿ ಇದ್ದರೆ ಅದೇ ಹತ್ತು ಲೀಟರ್ ಲೆಕ್ಕಕ್ಕಿಲ್ಲ. ನಿಂತ ಮೇಲೆ ಮುಚ್ಚಳದ ಸಂದಿಯಲ್ಲಿ ನಿಧಾನಕ್ಕೆ ಗಾಳಿ ಸೇರುತ್ತದೆ, ಅದಕ್ಕೇ ಅರ್ಧ ಗಂಟೆ ಬಿಟ್ಟರೆ ಏಳುವುದು. ಹುಡುಗ ಹೇಳಿದ ಒಂದೇ ಮಾತಿನಲ್ಲಿ ಇದೆಲ್ಲ ಇತ್ತು. ಧಕ್ಕೆಯಲ್ಲಿ ಯಾಕೆ ಚೆನ್ನಾಗಿ ಓಡುತ್ತಿತ್ತು ಗೊತ್ತಾ? ಪ್ರತಿ ಸಲವೂ ಡೀಸೆಲ್ ನೋಡಲು ಮುಚ್ಚಳ ತೆಗೆದಿಟ್ಟೇ ಓಡಿಸುತ್ತಿದ್ದರು!

ಇಂಜಿನ್ ಸವೆದಿದ್ದರೆ, ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ಹೋಗಿದ್ದರೆ, ಬೆಳಿಗ್ಗೆ ತಣ್ಣಗಿರುವಾಗ ಏಳುವುದಕ್ಕೇ ಒದ್ದಾಡುತ್ತಿತ್ತು. ಬಿಳಿ ಹೊಗೆ ಬಿಡುತ್ತಿತ್ತು. ಪಿಸ್ಟನ್ ರಿಂಗ್ ಸವೆದು ಆಯಿಲ್ ಸುಡುತ್ತಿದ್ದರೆ ನೀಲಿ ಹೊಗೆ. ನೀರಿನಡಿಯ ಫ್ಯಾನಿಗೆ (ಪ್ರೊಪೆಲ್ಲರ್) ಬಲೆ ಸುತ್ತಿಕೊಂಡು ಭಾರ ಬಿದ್ದಿದ್ದರೆ ಕಪ್ಪು ಹೊಗೆ. ನಮ್ಮದರಲ್ಲಿ ಯಾವುದೂ ಇರಲಿಲ್ಲ. ರೇಸ್ ಏರಿಳಿದು ನಿಧಾನಕ್ಕೆ ನಿಲ್ಲುತ್ತಿತ್ತು. ಅಂದರೆ ಡೀಸೆಲ್ ಸಾಲುತ್ತಿಲ್ಲ. ಇದು ಡೀಸೆಲ್ ಕೆಲಸ ಕಲಿತವರಿಗೆ ಮೊದಲ ತಿಂಗಳಲ್ಲೇ ಗೊತ್ತಾಗುವ ವಿಷಯ.

ಪರೀಕ್ಷೆ ಮಾಡಲು ಏನು ಬೇಕಿತ್ತು? ಒಂದು 20 ಲೀಟರ್ ಕ್ಯಾನು ಮತ್ತು ಎರಡು ಮೀಟರ್ ಪೈಪು. ಟ್ಯಾಂಕನ್ನು ಬಿಟ್ಟು ಕ್ಯಾನಿನಿಂದ ನೇರ ಡೀಸೆಲ್ ಕೊಟ್ಟು, ಮಿಕ್ಕ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಟ್ಟು, ಒಂದು ಗಂಟೆ ಸಮುದ್ರದಲ್ಲಿ ಓಡಿಸಬೇಕಿತ್ತು. ನಿಲ್ಲದೆ ಓಡಿದರೆ ಪಂಪ್, ನೋಜಲ್ ಎಲ್ಲ ಸರಿ ಇದೆ, ತೊಂದರೆ ಟ್ಯಾಂಕಿನ ಕಡೆಗೆ. ಇಲ್ಲವೇ ಪಂಪಿನ ಮೊದಲು ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತದಾ ನೋಡಬೇಕಿತ್ತು. ಆದರೆ ಅದಕ್ಕೆ ನಮ್ಮ ಜೊತೆ ಬೋಟಿನಲ್ಲಿ ಬರಬೇಕು. ಮೂವರಲ್ಲಿ ಒಬ್ಬರೂ ಸಮುದ್ರಕ್ಕೆ ಬರಲಿಲ್ಲ. ಸಮುದ್ರದಲ್ಲಿ ಮಾತ್ರ ಕಾಣುವ ರೋಗಕ್ಕೆ ಧಕ್ಕೆಯಲ್ಲಿ ನಿಂತು ಔಷಧಿ ಕೊಟ್ಟರು. ಕ್ಯಾನಿನ ಪರೀಕ್ಷೆಗೆ ಬಿಲ್ಲಿನಲ್ಲಿ ಎಷ್ಟು ಬರೆಯಲಾಗುತ್ತದೆ? 500 ರೂಪಾಯಿ. ಪಂಪ್ ಬಿಚ್ಚಿದರೆ 41,000. ಹೀಗಾಗಿಯೇ ಬಿಚ್ಚುತ್ತಾರೆ ಅಂತ ನಾನು ನೇರವಾಗಿ ಹೇಳುತ್ತೇನೆ. ಬೇಸರ ಆದರೆ ಆಗಲಿ.

ಎಲ್ಲರೂ ಹಾಗಲ್ಲ, ಅದೂ ನಿಜ. ಅಪ್ಪನ ಕಾಲದಲ್ಲಿ ನಮ್ಮ ಇಂಜಿನ್ ನೋಡುತ್ತಿದ್ದವರು ಬಂದು ಮೊದಲು ಚಾ ಕುಡಿದು ತಾಂಡೇಲರನ್ನು ಮಾತಾಡಿಸುತ್ತಿದ್ದರು. ಆಮೇಲೆ ಸ್ಪ್ಯಾನರ್ ಮುಟ್ಟುತ್ತಿದ್ದರು. ಅವರು ಈಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಉಸಿರು ಪೈಪು ಸರಿ ಮಾಡಿದ ಮೇಲೆ ಇಂಜಿನ್ ನಿಲ್ಲುತ್ತಿಲ್ಲ. ಆದರೆ ಈಗ ಮೊದಲಿಲ್ಲದ ಕಪ್ಪು ಹೊಗೆ ಇದೆ. ಗಂಟೆಗೆ ಎರಡು ಲೀಟರ್ ಡೀಸೆಲ್ ಜಾಸ್ತಿ ಕುಡಿಯುತ್ತಿದೆ. ಪಂಪ್ ಕೂಡಿಸುವಾಗ ಟೈಮಿಂಗ್ ಗುರುತು, ಅಂದರೆ ಡೀಸೆಲ್ ಬೀಳಬೇಕಾದ ಹೊತ್ತಿನ ಗುರುತು, ಸರಿ ಹಿಡಿದಿಲ್ಲ. ಡೀಸೆಲ್ ಪೈಪು ಕೂಡಿಸುವ ಬ್ಯಾಂಜೋ ಬೋಲ್ಟಿಗೆ ಹಳೆಯ ತಾಮ್ರದ ವಾಷರನ್ನೇ ಹಾಕಿದ್ದಾರೆ. ಎರಡು ಕಡೆ ಡೀಸೆಲ್ ಜಿನುಗುತ್ತಿದೆ. 41,000ದ ಕೆಲಸದಲ್ಲಿ ಕೆಲವೇ ರೂಪಾಯಿಯ ವಾಷರ್ ಹೊಸದು ಹಾಕಲಿಕ್ಕೆ ಆಗಲಿಲ್ಲ ಇವರಿಗೆ. ಸರಿ ಇದ್ದ ಇಂಜಿನ್ನಿಗೆ ದುಡ್ಡು ಕೊಟ್ಟು ರೋಗ ಹಚ್ಚಿಸಿಕೊಂಡ ಹಾಗಾಯಿತು.

ಆ ಎರಡನೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ನಿನ್ನೆ ನಾನೇ ಅವರ ಶೆಡ್ಡಿಗೆ ಹೋದೆ. ಟೈಮಿಂಗ್ ಸರಿ ಮಾಡಿಕೊಡಿ ಅಂದೆ. "ಅದಕ್ಕೆ ಬೇರೆ ಚಾರ್ಜ್ ಆಗ್ತದೆ" ಅಂದರು. ಹಳೆಯ ಆರು ನೋಜಲ್ ಕೊಡಿ, ಬೇರೆ ಕಡೆ ಟೆಸ್ಟ್ ಮಾಡಿಸುತ್ತೇನೆ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಜರಿಗೆ ಹೋಯಿತಂತೆ. ಮೂಲೆಯ ಕಪಾಟಿನಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ನೋಜಲ್‌ಗಳು ಸಾಲಾಗಿ ಇದ್ದವು. ನನ್ನವು ಅದರಲ್ಲಿ ಇವೆಯೋ ಇಲ್ಲವೋ, ಮುಟ್ಟಲು ಬಿಡಲಿಲ್ಲ.

ಸೋಮವಾರ ತಾಂಡೇಲರನ್ನೂ ಆ ಹುಡುಗನನ್ನೂ ಕರೆದುಕೊಂಡು ಮತ್ತೆ ಹೋಗುತ್ತೇನೆ. ಬಿಲ್ಲುಗಳೆಲ್ಲ ಇಟ್ಟಿದ್ದೇನೆ. ನನ್ನ ಆರು ನೋಜಲ್ ಮೇಜಿನ ಮೇಲೆ ಬರುವವರೆಗೆ ಅಲ್ಲಿಂದ ಏಳುವುದಿಲ್ಲ.